ಕ್ಲಚ್ಚಿನ ಮೇಲೆ ಬರಿಗಾಲು

ಓನರ್ ಆಂಟಿಯ ಎಡ ಅಂಗಾಲು ಬಲದ್ದಕ್ಕಿಂತ ಕಪ್ಪಗಿತ್ತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಟ್ಟಿ, ಎಷ್ಟು ತಿಕ್ಕಿದರೂ ಹೋಗದ ಕಲೆಯೊಂದು ಕೂತುಬಿಟ್ಟಿತ್ತು. ಕಾರು ಹತ್ತಿದೊಡನೆ ಅವರು ಎಡಗಾಲಿನ ಚಪ್ಪಲಿಯನ್ನಷ್ಟೇ ಕಳಚಿ, ಸೀಟಿನ ಕೆಳಗೆ ತಳ್ಳಿ, ಬರಿಗಾಲಲ್ಲೇ ಕ್ಲಚ್ ಒತ್ತುತ್ತಿದ್ದರು. ಕೆಲಸದಲ್ಲಿದ್ದಾಗ ಕೊಂಡ ಕಾರು ಅದು. ಅವರು ನಿವೃತ್ತರಾಗಿದ್ದರೂ ಅದಕ್ಕಿನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

“ಚಪ್ಪಲಿ ಹಾಕ್ಕೊಂಡ್ರೆ ಗಾಡಿ ಏನ್ ಹೇಳ್ತಿದೆ ಅಂತ ಗೊತ್ತಾಗಲ್ಲ ಕಣೇ” ಎನ್ನುತ್ತಿದ್ದರು.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಮಹಡಿಯಲ್ಲಿ ನಾನು, ಹುಬ್ಬಳ್ಳಿಯಿಂದ ಬಂದ ಬಾಡಿಗೆಯವಳು, ಹುಟ್ಟಾ ಪುಕ್ಕಲಿ. ನಾನು ಕೇಳದೆಯೇ ನನಗೆ ಡ್ರೈವಿಂಗ್ ಕಲಿಸಿದರು. ಭಾನುವಾರ ಬೆಳಗ್ಗೆ ಕೋಣನಕುಂಟೆಯ ಕಡೆ ಹೊರಟರೆ ನನ್ನ ಎಡಗಾಲು ಕ್ಲಚ್ ಬಿಟ್ಟು ಏಳುತ್ತಲೇ ಇರಲಿಲ್ಲ. ಅವರು ನನ್ನ ಮಂಡಿಗೆ ಒಂದು ಏಟು ಹಾಕಿ ಹೇಳುತ್ತಿದ್ದರು: “ಭಯ ಇದ್ರೆ ಇರ್ಲಿ. ಅದನ್ನ ತಂದು ಕ್ಲಚ್ ಮೇಲೆ ಇಡ್ಬೇಡ.”

ಕಾರಿನ ಕಾಯಿಲೆಯನ್ನು ಅವರು ಪತ್ತೆಮಾಡುತ್ತಿದ್ದುದೂ ಆ ಕಾಲಿನಿಂದಲೇ. ಇಂಜಿನ್ ಕೂಗಾಡಿಯೂ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ಪೆಡಲ್ ಬಿಗಿಯಾಗಿ ಕರಕರ ಎಂದರೆ ಅದನ್ನು ಎಳೆಯುವ ಕೇಬಲ್ ಎಳೆ ಬಿಡುತ್ತಿದೆ. ಒಂದು ಸಲ ಪೆಡಲ್ ಮೇಲೆ ಕಾಲಿಟ್ಟವರೇ ಮುಖ ಸಿಂಡರಿಸಿದರು. “ಕರಕರ ಅಂತಿದೆ. ಸೋಮವಾರ ಮೆಕ್ಯಾನಿಕ್ ಹತ್ರ ಹೋಗ್ಬೇಕು.”

ಆ ಸೋಮವಾರ ಬರುವ ಮೊದಲೇ, ಶನಿವಾರ ಮಧ್ಯಾಹ್ನ ನಾನು ಕೆಳಗಿಳಿದರೆ, ಆಂಟಿ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖವೆಲ್ಲ ಬೆವರು. “ಎದೆ ಹಿಡ್ಕೊಂಡಿದೆ” ಎಂದರು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಟ್ರಾಫಿಕ್ಕು, ತಡವಾಗುತ್ತದೆ ಎಂಬ ಉತ್ತರ. ಅವರು ನನ್ನ ಅಂಗೈಗೆ ಕೀ ಒತ್ತಿ, “ನೀನೇ ಓಡ್ಸು” ಎಂದರು. ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಹೊರಟೆ.

ಜಯನಗರದ ಆಸ್ಪತ್ರೆಗೆ ಸಾರಕ್ಕಿ ಸಿಗ್ನಲ್ ದಾಟಿಯೇ ಹೋಗಬೇಕು. ಅಲ್ಲಿ ನಿಲ್ಲಿಸಲೆಂದು ಕ್ಲಚ್ ಒತ್ತಿದೆ. ಕಾಲಡಿಯಲ್ಲಿ ಟಪ್ ಎಂದಿತು. ಪೆಡಲ್ ನೆಲಕ್ಕೆ ಬಿತ್ತು, ಕಾರು ಕುಲುಕಿ ಇಂಜಿನ್ ಆಫ್ ಆಯಿತು. ಹಿಂದೆ ಬಸ್ಸು, ಅಕ್ಕಪಕ್ಕ ಬೈಕು ತೂರುವಷ್ಟೂ ಜಾಗವಿಲ್ಲ. ಹಾರ್ನುಗಳ ನಡುವೆ ನನ್ನ ಬೆಂಗಳೂರು ಕನ್ನಡವೂ ಕೈಕೊಟ್ಟಿತು.

“ಆಂಟಿ, ಪೆಡಲ್ ಮ್ಯಾಲ ಬರವಲ್ದ್ರೀ!”

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, “ಗಟ್ಟಿಯಾಗಿದ್ಯಾ, ಜೋತಾಡ್ತಿದ್ಯಾ?”

“ಸತ್ತಂಗ ಬಿದ್ದದರೀ.”

“ಇಂಜಿನ್ ಕೂಗಾಡ್ತಾ?”

“ಇಲ್ರೀ.”

“ಹಾಗಾದ್ರೆ ಪ್ಲೇಟ್ ಚೆನ್ನಾಗಿದೆ. ಕೇಬಲ್ ಕಿತ್ತೋಗಿದೆ, ಅಷ್ಟೇ. ಗಾಡಿ ಹೋಗತ್ತೆ.” ಉಸಿರು ಎಳೆದುಕೊಂಡರು. “ಫಸ್ಟ್ ಗೇರ್‌ಗೆ ಹಾಕು. ಮುಂದೆ ಜಾಗ ಆದ್ಮೇಲೆ ಕೀ ತಿರುಗ್ಸು. ಎಗರತ್ತೆ, ಹೆದರ್ಬೇಡ.”

“ಮುಂದ ಮಂದಿ ಅದಾರ್ರೀ! ಯಾರಿಗರೆ ಬಡದ್ರ?”

“ಅವ್ರು ಹೋಗೋವರ್ಗೂ ಕಾಯಿ. ನಾನೂ ಕಾಯ್ತೀನಿ.”

ಅವರು ಕಾಯುತ್ತೇನೆಂದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು. ಮುಂದೆ ಜಾಗವಾಯಿತು, ಕೀ ತಿರುಗಿಸಿದೆ. ಕಾರು ಎಗರಿತು, ನಾನು ಕಿರುಚಿದೆ, ಇಂಜಿನ್ ಹೊತ್ತಿಕೊಂಡಿತು. ಫಸ್ಟ್ ಗೇರಲ್ಲೇ ಗೊರಗುಟ್ಟುತ್ತ ಹೊರಟೆವು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಆಫ್, ಮತ್ತೆ ಎಗರು. ಒಂದು ಕಡೆ ಅವರ ಉಸಿರು ಕೇಳಿಸಲಿಲ್ಲ. ಪಕ್ಕಕ್ಕೆ ನೋಡುವ ಧೈರ್ಯ ನನಗಿರಲಿಲ್ಲ. “ರಸ್ತೆ ನೋಡು” ಎಂಬ ದನಿ ಬಂದಾಗ ಕಣ್ಣೀರು ಧಾರಾಕಾರ ಸುರಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿದೆ. ಅವರನ್ನು ಇಳಿಸಿಕೊಳ್ಳಲು ಬಂದವರಿಗೆ ಅವರ ಎಡಗಾಲನ್ನು ಕಾರಿನ ನೆಲದಿಂದ ಬಿಡಿಸುವುದೇ ಕಷ್ಟವಾಯಿತು. ಪಕ್ಕದ ಸೀಟಿನಲ್ಲೂ ಅವರು ಎಡ ಚಪ್ಪಲಿ ಕಳಚಿದ್ದರು. ಪೆಡಲೇ ಇಲ್ಲದ ಆ ನೆಲವನ್ನು ಬರಿಗಾಲಿನ ಬೆರಳುಗಳು ಮಡಚಿಕೊಂಡು ಒತ್ತುತ್ತಿದ್ದವು. ಅವರಿಗೂ ನನ್ನಷ್ಟೇ ಭಯವಾಗಿತ್ತು. ದಾರಿಯುದ್ದಕ್ಕೂ ಒತ್ತಿಕೊಂಡೇ ಬಂದಿದ್ದರು.

ಆ ಸಲ ಉಳಿದರು. ವಾರ್ಡಿನಲ್ಲಿ ನಾನು, “ನಿಮಗ ಅಂಜಿಕಿ ಆಗಿತ್ತೇನ್ರೀ?” ಎಂದು ಕೇಳಿದ್ದಕ್ಕೆ, “ಎದೆನೋವಿಗಾ, ನಿನ್ ಡ್ರೈವಿಂಗಿಗಾ?” ಎಂದು ನಕ್ಕರು. ಮನೆಗೆ ಬಂದಮೇಲೆ ಹೊಸ ಕೇಬಲ್ ಹಾಕಿಸಿ, ಅದೇ ಸಿಗ್ನಲ್ಲಿಗೆ ನನ್ನ ಕೈಯಲ್ಲೇ ಕಾರು ಓಡಿಸಿದರು.

ಈ ವರ್ಷ ಬೇಸಿಗೆಯಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟರು. ಸ್ನಾನ ಮಾಡಿಸುವಾಗ ಅವರ ತಂಗಿ ಎಡ ಅಂಗಾಲನ್ನು ಸೋಪು ಹಾಕಿ ತಿಕ್ಕುತ್ತಲೇ ಇದ್ದರು. “ಅದು ಹೋಗೂದಿಲ್ರೀ, ಬಿಡ್ರಿ” ಎಂದು ಆ ಕಾಲನ್ನು ನನ್ನ ಕೈಗೆ ತೆಗೆದುಕೊಂಡೆ. ಬೆರಳುಗಳು ಸಡಿಲವಾಗಿದ್ದವು, ಏನನ್ನೂ ಒತ್ತುತ್ತಿರಲಿಲ್ಲ. ಸಾರಕ್ಕಿ ಸಿಗ್ನಲ್ಲಿನ ಅದೇ ಭಯ ನನ್ನನ್ನು ಮತ್ತೆ ಹಿಡಿಯಿತು. ಈ ಸಲ ಪಕ್ಕದಲ್ಲಿ ಯಾರೂ ಬರಿಗಾಲು ಒತ್ತಿಕೊಂಡು ಕೂತಿರಲಿಲ್ಲ.