ಹುಸೇನಸಾಬರ ಒಂದು ವರ್ಷ

ಮೊನ್ನೆ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಒಳಪುಟದ ಮೂಲೆಯಲ್ಲಿ ಒಂದು ಸುದ್ದಿ ಕಂಡಿತು. ಯಾವುದೋ ದೇಶದಲ್ಲಿ ಕಾರು ತಯಾರಿಸುವ ದೊಡ್ಡ ಕಂಪನಿಯೊಂದು ಮುಳುಗುವ ಸ್ಥಿತಿಗೆ ಬಂದಿದೆಯಂತೆ. ಅದನ್ನು ಸರಕಾರ ಎತ್ತಿ ನಿಲ್ಲಿಸಬೇಕೋ ಬೇಡವೋ ಎಂದು ಅಲ್ಲಿಯ ದೊಡ್ಡವರು ಜಗಳಾಡುತ್ತಿದ್ದಾರಂತೆ. ನಾನು ತಲೆಬರಹವನ್ನಷ್ಟೇ ಓದಿ “ಕೂಡದು” ಎಂದುಬಿಟ್ಟೆ, ಗಟ್ಟಿಯಾಗಿಯೇ. ಚಹಾ ತಂದಿಡುತ್ತಿದ್ದ ಹೆಂಡತಿ ತನಗೇ ಹೇಳಿದೆನೆಂದು ತಿಳಿದು, “ಯಾಕ್ರಿ, ಇವತ್ತ ಚಾ ಬ್ಯಾಡೇನು?” ಎಂದು ಕಪ್ಪನ್ನು ಹಿಂದಕ್ಕೆ ಎಳೆದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವನ ಬಾಯಿ ಇದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಚಟ ಅದಕ್ಕೆ. ಚಹಾ ಹೇಗೋ ಉಳಿಸಿಕೊಂಡೆ. ಆದರೆ ಕುಡಿಯುತ್ತ ಕುಳಿತಾಗ, ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಒಮ್ಮೆ ತುಂಬಿದ ಸಭೆಯಲ್ಲಿ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದು ನೆನಪಾಯಿತು. ಅದರ ಬೆನ್ನಿಗೇ ಹುಸೇನಸಾಬರು ನೆನಪಾದರು. ಪತ್ರಿಕೆ ಸ್ವಲ್ಪ ಹೊತ್ತು ಮಡಿಲಲ್ಲೇ ಉಳಿಯಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಗೆ ಬಿ.ಎ. ಓದಲು ಬಂದವನು. ನಮ್ಮೂರಲ್ಲಿ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವರ ತಮ್ಮನೇ ಈ ಹುಸೇನಸಾಬರು. ಆ ಗುರುತಿನ ಮೇಲೆ ನಮ್ಮಪ್ಪ ಹಳೇ ಹುಬ್ಬಳ್ಳಿಯ ಅವರ ಮನೆಯ ಮುಂಭಾಗದ ಖೋಲಿಯಲ್ಲಿ ನನ್ನನ್ನು ಇರಿಸಿದ್ದ. ಊಟ ಖಾನಾವಳಿಯಲ್ಲಿ. ಅಲ್ಲಿ ರೊಟ್ಟಿಗೆ ಲೆಕ್ಕವಿರಲಿಲ್ಲ. ನಾನು ಕುಳಿತುಕೊಳ್ಳುವುದನ್ನು ಕಂಡರೆ ಖಾನಾವಳಿಯ ಅಜ್ಜನ ಮುಖ ಬಾಡುತ್ತಿತ್ತೆಂದು ಗೆಳೆಯರು ಹೇಳುತ್ತಿದ್ದರು. ಸುಳ್ಳಿರಲಾರದು. ಹುಸೇನಸಾಬರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿ ರಾಬಿಯಾಬಿಯನ್ನು ಕಾಕಿ. ಅವರಿಬ್ಬರಿಗೂ ನಾನು ‘ತಮ್ಮಾ’.

ಕಾಕಾ ತಗಡಿನ ಮಿಸ್ತ್ರಿ. ಐವತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಮೈಗೆ ಹೊಂದದಷ್ಟು ದೊಡ್ಡ ಕೈಗಳು. ಮರಳಿನ ಚೀಲದ ಮೇಲೆ ಸಪಾಟು ತಗಡನ್ನಿಟ್ಟು ಮರದ ಕೊಡತಿಯಿಂದ ಬಡಿಯುತ್ತ ಬಡಿಯುತ್ತ ಅದನ್ನು ಕಾರಿನ ಮಡ್‌ಗಾರ್ಡಿನ ದುಂಡಿಗೆ ತರುವುದು ಅವರ ಕೆಲಸ. ಸರಿಯಾಯಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಅಂಗೈ ಸವರುತ್ತಿದ್ದರು. ಮನೆಯಲ್ಲೂ ಅದೇ ಅಭ್ಯಾಸ. ಕಾಕಿ ಹೊಸ ಕೊಡ ತಂದರೆ ಮೊದಲು ಅದರ ಮೈ ಸವರಿ, “ಇಲ್ಲೆ ಸ್ವಲ್ಪ ತಗ್ಗ ಐತಿ” ಎನ್ನುವರು. ಕಾಕಿ, “ನೀರ ತುಂಬೂ ಕೊಡ ಇದು, ಮದಿವಿಗೆ ಕಳಸೂದಲ್ಲ” ಎಂದು ಕಸಿದುಕೊಳ್ಳುವಳು.

ಅವರು ದುಡಿಯುತ್ತಿದ್ದದ್ದು ಗೋಕುಲ ರಸ್ತೆಯಲ್ಲಿ. ಆಗ ಅದರ ಎರಡೂ ಬದಿಗೆ ಜೋಳದ ಹೊಲ, ನಡುವೆ ತಗಡಿನ ಮಾಡಿನ ಎರಡು ಉದ್ದನೆಯ ಶೆಡ್ಡು. ಮೊದಲು ಅಲ್ಲಿ ಖಾಸಗಿ ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದರು. ಮುಂಬಯಿಯಲ್ಲಿ ಓದಿ ಬಂದ ಮಾಲಕರಿಗೆ ಮಾತ್ರ ಬೇರೆಯೇ ಹಂಬಲ. ಮಾಸ್ತರರೂ ಡಾಕ್ಟರರೂ ಕೊಳ್ಳಬಹುದಾದ ಒಂದು ಸಣ್ಣ ಕಾರು ಹುಬ್ಬಳ್ಳಿಯಲ್ಲೇ ತಯಾರಾಗಬೇಕು. ಎಂಜಿನ್ ಹೊರಗಿನಿಂದ ಬರಬೇಕು, ಅದಕ್ಕೆ ಪರವಾನಗಿ ಬೇಕು. ಪರವಾನಗಿ ಬಂದಾಗ ಎಂಜಿನ್ ಇರುತ್ತಿರಲಿಲ್ಲ, ಎಂಜಿನ್ ಇದ್ದಾಗ ಪರವಾನಗಿಯ ಅವಧಿ ಮುಗಿದಿರುತ್ತಿತ್ತು. ಮೂರು ವರ್ಷದಲ್ಲಿ ಐದು ಕಾರು ಆದವು. ಕಾರಿನ ಧ್ಯಾನದಲ್ಲಿ ಬಸ್ಸಿನ ಗಿರಾಕಿಗಳೂ ಕೈಬಿಟ್ಟರು. ಕಾರ್ಖಾನೆ ಉಸಿರು ಹಿಡಿದುಕೊಂಡಿತ್ತು.

ಆ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಬಂತು. ‘ನಷ್ಟದಲ್ಲಿರುವ ಮೋಟಾರು ಕಾರ್ಖಾನೆಗಳನ್ನು ಸರಕಾರ ಉಳಿಸಬೇಕು’ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ‘ವಿರೋಧ’. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ತಪ್ಪು ಆಮೇಲಿನದು.

ದಿನಾ ಸಂಜೆ ಕಾಕಾ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಾಗ ನಾನು ವಹಿ ಹಿಡಿದು ಪಕ್ಕದಲ್ಲಿ ಕೂರತೊಡಗಿದೆ. ಒಂದು ಬಾನೆಟ್ಟಿಗೆ ಎಷ್ಟು ದಿನ ಬೇಕು? “ಒಂಬತ್ತು ದಿನ ಹಿಡೀತೈತಿ ನೋಡ ತಮ್ಮಾ.” ಮಷೀನಿನಲ್ಲಾದರೆ? “ಮುಂಬಯಿ ಕಡೆ ಒಂದ ಗಳಿಗ್ಯಾಗ ಒತ್ತಿ ತಗೀತಾರಂತ.” ಕಾರು ಓಡುತ್ತದೆಯೇ? ಕಾಕಾ ನಕ್ಕರು. ಮೊದಲನೆಯ ಕಾರನ್ನು ಮಾಲಕರು ಧಾರವಾಡಕ್ಕೆ ಓಡಿಸಿಕೊಂಡು ಹೋಗುವಾಗ ಏರಿನಲ್ಲಿ ಎಂಜಿನ್ ಕುದಿದು ನಿಂತದ್ದು, ಶಿರಗುಪ್ಪಿಯ ಗಾಡಿಯವನೊಬ್ಬ ಎತ್ತು ಬಿಚ್ಚಿ ಕಾರಿಗೆ ಹೂಡಿ ಎಳೆಸಿದ್ದು, ಸ್ಟಿಯರಿಂಗ್ ಹಿಡಿದ ಮಾಲಕರು ಮುಖಕ್ಕೆ ವಸ್ತ್ರ ಮುಚ್ಚಿಕೊಂಡದ್ದು, ಎಲ್ಲ ಹೇಳಿದರು. ಮನೆಯವರ ಮುಂದೆ ಮನೆಯ ಮಾತು ಹೇಳುವ ಹಾಗೆ ಹೇಳಿದರು. ನಾನು ಕೇಳುತ್ತಿರುವುದು ಅವರ ಪರವಾಗಿ ಮಾತಾಡಲಿಕ್ಕೆ ಎಂದು ಅವರು ತಿಳಿದಿದ್ದರು. ಅದು ನನಗೆ ಗೊತ್ತಿತ್ತು. ತಿದ್ದಲಿಲ್ಲ.

ಸ್ಪರ್ಧೆಯ ದಿನ ಮಧ್ಯಾಹ್ನ ಕಾಕಾ ಕೆಲಸಕ್ಕೆ ರಜೆ ಹಾಕಿ, ಒಗೆದ ಬಿಳಿ ಅಂಗಿ ತೊಟ್ಟು, ಕರಿಯ ಟೊಪ್ಪಿಗೆ ಇಟ್ಟುಕೊಂಡು ಬಂದು ಹಿಂದಿನ ಬಾಕಿನಲ್ಲಿ ಕೂತರು. ನಾನು ವೇದಿಕೆಯ ಮೇಲಿಂದ ನೋಡಿದೆ. ನನ್ನ ಸರದಿ ಬಂತು. ಬಾವಿಯಿಲ್ಲದ ಹಳ್ಳಿಗಳ ದೇಶ ನಮ್ಮದು, ಕಾರಿಗೇಕೆ ಬೊಕ್ಕಸ ಎಂದೆ. ಮುದಿ ಎತ್ತಿಗೆ ಹುರುಳಿ ತಿನ್ನಿಸಿದರೆ ಉಳುಮೆ ಸಾಗುವುದಿಲ್ಲ ಎಂದೆ. ಒಂಬತ್ತು ದಿನದ ಬಾನೆಟ್ಟನ್ನು ಹೇಳಿದೆ. ಏರಿನಲ್ಲಿ ಎತ್ತುಗಳು ಕಾರು ಎಳೆದದ್ದನ್ನು, ವಸ್ತ್ರ ಮುಚ್ಚಿದ ಮುಖವನ್ನು ಅಭಿನಯಿಸಿ ತೋರಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ, “ಯಾರಿಗೂ ಬೇಡವಾದ ವಸ್ತುವನ್ನು ಮಾಡುವ ಕೈಗಳು ಬೇರೆ ಕೆಲಸ ಕಲಿಯಲಿ” ಎಂದು ಮುಗಿಸಿದೆ. ಮೊದಲ ಬಹುಮಾನ ನನಗೇ ಬಂತು.

ಹೊರಗೆ ಬೇವಿನ ಮರದ ಕೆಳಗೆ ಕಾಕಾ ನಿಂತಿದ್ದರು. ನಾನು ಹತ್ತಿರ ಹೋದಾಗ ಸಿಟ್ಟಿಲ್ಲದ ದನಿಯಲ್ಲಿ, “ಭಾಳ ಛಲೋ ಮಾತಾಡಿದ್ರಿ” ಎಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದಿಂದ ‘ತಮ್ಮಾ, ಬಾ, ಹೋಗು’ ಎನ್ನುತ್ತಿದ್ದವರು ಆ ದಿನ ನನಗೆ ‘ರಿ’ ಹಚ್ಚಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಂದೆ ಹದಿನೈದು ದಿನ ಆ ಮನೆಯಲ್ಲಿ ನನಗೆ ಬರೀ ಮರ್ಯಾದೆಯೇ ಸಿಕ್ಕಿತು.

ಆಮೇಲೆ ಒಂದು ದಿನ ಕಾರ್ಖಾನೆಯ ಬಾಗಿಲಿಗೆ ನೋಟೀಸು ಅಂಟಿಸಿದರು. ಮೂರು ತಿಂಗಳು ಮುಗಿದ ಮೇಲೆ ಕೆಲಸ ನಿಲ್ಲುತ್ತದೆ ಎಂದು. ನಲವತ್ತು ಜನ. ಬೆಂಗಳೂರಿಗೆ, ಸರಕಾರಕ್ಕೆ ಒಂದು ಅರ್ಜಿ ಕಳಿಸಬೇಕೆಂದು ಅವರೆಲ್ಲ ಸೇರಿ ಗೊತ್ತು ಮಾಡಿದರು. ಬರೆಯುವವರು ಯಾರು? ಕಾಕಾ ನನ್ನನ್ನು ಕೇಳಲಿಲ್ಲ. ಕಾಕಿ ಕೇಳಿದಳು. “ನೀ ಮಾತಾಡಿದ್ದು ನನಗ ತಿಳಿಯೂದಿಲ್ಲ ತಮ್ಮಾ. ಬರಿಯಾಕಂತೂ ನಿನಗ ಬರ್ತೈತಿ. ಬರದು ಕೊಡು.”

ಮರುದಿನ ಕಾರ್ಖಾನೆಗೆ ಹೋದೆ. ಅಷ್ಟೆಲ್ಲ ಮಾತಾಡಿದ ನಾನು ಅದರ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಆರನೆಯ ಕಾರು ಎಂಜಿನ್ ಇಲ್ಲದೆ ನಿಂತಿತ್ತು. ಬಣ್ಣ ಇನ್ನೂ ಆಗಿರಲಿಲ್ಲ. ಬಡಿದು ನಯವಾದ ತಗಡಿನ ಮೇಲೆ ಶೆಡ್ಡಿನ ಬೆಳಕು ನೀರಿನಂತೆ ಜಾರುತ್ತಿತ್ತು. ಕಾಕಾ ನನ್ನ ಕೈ ಹಿಡಿದು ಬಾನೆಟ್ಟಿನ ಮೇಲಿಟ್ಟರು. “ಕಣ್ಣ ಮುಚ್ಚರಿ” ಎಂದರು. ಮುಚ್ಚಿದೆ. ಎಲ್ಲಿಯೂ ಒಂದು ತಗ್ಗಿಲ್ಲ, ಒಂದು ದಿಣ್ಣೆಯಿಲ್ಲ. ಆ ಒಂಬತ್ತು ದಿನ ಯಾವುದಕ್ಕೆ ಹೋಗುತ್ತಿದ್ದವೆಂದು ಆಗ ಗೊತ್ತಾಯಿತು.

ಅಲ್ಲೇ ಕೂತು ಅರ್ಜಿ ಬರೆದೆ. ‘ದೇಶದ ಭವಿಷ್ಯದ ರಥಚಕ್ರ’ ಎಂದು ಶುರುಮಾಡಿದ್ದೆ. ಸುತ್ತ ನಿಂತವರಿಗೆ ಓದಿ ಹೇಳಿದೆ. ಕಾಕಾ, “ಇದರಾಗ ನಾವು ಇಲ್ಲೋ ತಮ್ಮಾ” ಎಂದರು. ‘ರಿ’ ಬಿಟ್ಟ ಆ ‘ಇಲ್ಲೋ’ ಕೇಳಿ ನನ್ನ ಕಣ್ಣು ತುಂಬಿತು. ಕಾಗದ ತಿರುವಿ ಮತ್ತೆ ಬರೆಯಲು ಕೂತೆ.

“ಈ ಕಾರು ಭಾಳ ಮಾರಾಟ ಆಗ್ತೈತಿ ಅಂತ ಬರೀಲಿ?” ಎಂದು ಕೇಳಿದೆ.

“ಬ್ಯಾಡ. ಸುಳ್ಳ ಬರೀಬ್ಯಾಡ. ಈ ಕಾರು ನಡಿಯೂದಿಲ್ಲ, ನನಗೂ ಗೊತ್ತೈತಿ. ಅವತ್ತ ನೀ ಹೇಳಿದ್ದು ಸುಳ್ಳಲ್ಲ. ಅರ್ಧಾ ಹೇಳಿದಿ, ಅಷ್ಟ. ಬ್ಯಾರೆ ಕೆಲಸಾ ಕಲೀಲಿ ಅಂದಿ. ಕಲೀತೀವಿ. ಅದಕ್ಕ ಎಷ್ಟ ದಿವಸ ಬೇಕು, ಅಲ್ಲಿತನಕ ಮನ್ಯಾಗ ಒಲಿ ಹೆಂಗ ಹೊತ್ತಬೇಕು, ಅದನ್ನ ಹೇಳಲಿಲ್ಲ. ಈಗ ಅದನ್ನ ಬರಿ.”

ಅದನ್ನೇ ಬರೆದೆ: ಬೇರೆ ಕೆಲಸ ಕಲಿಯಲು ಒಂದು ವರ್ಷ ಬೇಕು, ಅಲ್ಲಿಯವರೆಗೆ ಕೈಗೆ ಏನಾದರೂ ಕೆಲಸ ಕೊಡಿ ಎಂದು. ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯಂತ ಚಿಕ್ಕ ಬರಹ ಅದು.

ಕೆಲ ವಾರಗಳಲ್ಲಿ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಸಣ್ಣ ದನಿಯ, ತಾಳ್ಮೆಯ ಮನುಷ್ಯ. ಎಲ್ಲ ನೋಡಿ, ಕಾಕಾನ ಮುಂದೆ ನಿಂತು ಕೇಳಿದರು: “ನೀವು ಹೇಳೋದು ಸರಿ. ಆದರೆ ನಷ್ಟದಲ್ಲಿರೋ ಎಲ್ಲರೂ ಹೀಗೇ ಬಂದರೆ ಸರ್ಕಾರ ಏನು ಮಾಡಬೇಕು?”

ಕಾಕಾ ಹೇಳಿದರು: “ದವಾಖಾನ್ಯಾಗ ಬ್ಯಾನಿ ಬಿದ್ದಾಂವನ್ನ ಇಟಗೋತಾರ್ರಿ. ಅರಾಮ ಆದಮ್ಯಾಲೆ ಮನಿಗೆ ಕಳಸ್ತಾರ. ಇಲ್ಲೇ ಸಂಸಾರ ಹೂಡು ಅನ್ನೂದಿಲ್ಲ. ನಾವು ಅಷ್ಟ ಕೇಳಾಕತ್ತೇವ್ರಿ.”

ಅಧಿಕಾರಿ ಅದನ್ನು ಬರೆದುಕೊಂಡರು. ಉತ್ತರ ಬಂದಾಗ ಅದರಲ್ಲಿ ಕಾರಿಗೆ ಏನೂ ಇರಲಿಲ್ಲ. ಸುತ್ತಲಿನ ಕಚೇರಿಗಳ ಸರಕಾರಿ ಜೀಪು, ಲಾರಿಗಳ ರಿಪೇರಿ ಕೆಲಸವನ್ನು ಒಂದು ವರ್ಷದ ಮಟ್ಟಿಗೆ ಈ ಕಾರ್ಖಾನೆಗೆ ಕೊಡಲಾಗಿದೆ ಎಂದಷ್ಟೇ ಇತ್ತು.

ಮಾಲಕರು ಆ ಪತ್ರವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರಂತೆ. “ನಾ ಕಾರು ಮಾಡಬೇಕಂತ ಬಂದಾಂವ, ಹುಸೇನಸಾಬ. ಹಳೇ ಜೀಪಿಗೆ ತ್ಯಾಪಿ ಹಚ್ಚಾಕ ಅಲ್ಲ.”

“ಖರೇರಿ ಸಾಹೇಬ್ರ. ಆ ಕಾರಿನ ತಗಡ ಬಡದಾಂವ ನಾನ. ನಿಮ್ಮಷ್ಟ ನನಗೂ ಕೆಟ್ಟ ಅನಸ್ತೈತಿ. ಆದರ ನಾಳೆ ಮುಂಜಾನೆ ನಲವತ್ತು ಮಂದಿ ಬಾಗಲದಾಗ ಬಂದು ನಿಂದರ್ತಾರ. ಅವರಿಗೆ ಏನ ಹೇಳ್ಲಿ, ನೀವ ಹೇಳ್ರಿ.”

ಮಾಲಕರು ಎದ್ದು ಆರನೆಯ ಕಾರಿನ ಹತ್ತಿರ ಹೋದರಂತೆ. ಆಮೇಲೆ ತಾವೇ ತಾಡಪತ್ರಿ ಎಳೆದು ಅದಕ್ಕೆ ಹೊದಿಸಿ, “ಜೀಪು ಬರಲಿ” ಎಂದರಂತೆ. ನಾನು ಭಾಷಣದಲ್ಲಿ ನಗೆಪಾಟಲು ಮಾಡಿದ್ದು ಈ ಮನುಷ್ಯನನ್ನು.

ಆ ಒಂದು ವರ್ಷ ಕಾಕಾ ವೆಲ್ಡಿಂಗ್ ಕಲಿತರು. ಐವತ್ತನೆಯ ವಯಸ್ಸಿನಲ್ಲಿ, ತಮ್ಮ ಅರ್ಧ ವಯಸ್ಸಿನ ಮಿಸ್ತ್ರಿಯ ಕೈಕೆಳಗೆ. ಮೊದಮೊದಲು ಕಪ್ಪು ಗಾಜು ಹಿಡಿಯಲು ಮರೆತು ಬೆಂಕಿಯನ್ನೇ ನೋಡಿ ಕಣ್ಣು ಉರಿಸಿಕೊಂಡು ಬರುತ್ತಿದ್ದರು. ಕಾಕಿ ಬಟಾಟೆ ಹೋಳು ಮಾಡಿ ಮುಚ್ಚಿದ ಕಣ್ಣಿನ ಮೇಲಿಡುತ್ತ, “ಅಂಗೈಲೆ ನೋಡಾಂವಗ ಕಣ್ಣ ಯಾಕ ಬೇಕಿತ್ತೋ” ಎನ್ನುವಳು. ಒಂದು ಬೆಸುಗೆ ಸರಿಬಾರದೆ ಮೂರು ತಿಂಗಳು ಒದ್ದಾಡಿದರು. ಬಿಟ್ಟುಬಿಡುತ್ತೇನೆಂದು ಎರಡು ಸಲ ಹೇಳಿದರು. ನಾನು ಆ ಮನೆಯ ಕಟ್ಟೆಯ ಮೇಲೆ ಪರೀಕ್ಷೆಗೆ ಓದುತ್ತ, ‘ಬೇರೆ ಕೆಲಸ ಕಲಿಯಲಿ’ ಎಂಬ ಮೂರು ಶಬ್ದ ಎಷ್ಟು ಉದ್ದವಿರುತ್ತವೆ ಎಂಬುದನ್ನು ದಿನಾ ನೋಡಿದೆ.

ವರ್ಷ ಮುಗಿಯಿತು, ಕಾರ್ಖಾನೆ ಮುಚ್ಚಿತು. ನಮ್ಮ ಪ್ರಾಧ್ಯಾಪಕರು ನನ್ನ ಬೆನ್ನು ತಟ್ಟಿ, “ನೀನು ಅವತ್ತು ಹೇಳಿದ್ದೇ ಖರೇ ಆತು ನೋಡು. ಸರಕಾರದ ಒಂದು ವರ್ಷ ವ್ಯರ್ಥ” ಎಂದರು. ನಾನು ತಲೆಯಾಡಿಸಿದೆನೋ ಇಲ್ಲವೋ ಮರೆತಿದ್ದೇನೆ. ಆಡಿಸಿರಬಹುದು, ಪರೀಕ್ಷೆ ಹತ್ತಿರವಿತ್ತು. ಆ ನಲವತ್ತು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿ ಇಲ್ಲಿ ಗ್ಯಾರೇಜುಗಳಲ್ಲಿ ನೆಲೆ ಕಂಡುಕೊಂಡರು. ಕೆಲವರಿಗೆ ಏನೂ ಸಿಗಲಿಲ್ಲ, ಅದನ್ನೂ ಹೇಳಬೇಕು. ಒಬ್ಬ ಬಣ್ಣದ ಮಿಸ್ತ್ರಿ ಕಡೆಯವರೆಗೂ ಬೇರೆ ಕೆಲಸ ಕಲಿಯಲೊಲ್ಲದೆ ಊರು ಬಿಟ್ಟ. ಮಾಲಕರು ಮುಂಬಯಿಗೆ ಹೋಗಿ ಯಾರದೋ ಕಂಪನಿಯಲ್ಲಿ ನೌಕರಿ ಹಿಡಿದರೆಂದು ಕೇಳಿದೆ. ಕಾಕಾ ಹಳೇ ಹುಬ್ಬಳ್ಳಿಯಲ್ಲೇ ಒಂದು ಶೆಡ್ಡು ಹಾಕಿ ಟ್ರ್ಯಾಕ್ಟರಿನ ಟ್ರೇಲರು, ಕಬ್ಬಿಣದ ಗೇಟು ಮಾಡತೊಡಗಿದರು. ಗೇಟು ಮುಗಿದ ಮೇಲೆ ಅದರ ಮೈಯನ್ನೂ ಕಣ್ಣು ಮುಚ್ಚಿ ಸವರುತ್ತಿದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಧಾರವಾಡದಲ್ಲಿ ಅಧ್ಯಾಪಕನಾಗಿದ್ದೆ. ಪೇಢೆ ಹಿಡಿದುಕೊಂಡು ಹೇಳಲು ಹೋದೆ. ಏನು ಕಲಿಸುತ್ತೀ ಎಂದು ಕಾಕಾ ಕೇಳಿದರು. ಹೇಳಿದೆ. “ಛಲೋ ಆತು. ನಿನ್ನ ಹುಡುಗರನ್ನ ಒಮ್ಮೆ ಇಲ್ಲೆ ಕರಕೊಂಡ ಬಾ” ಎಂದರು.

ಆ ವರ್ಷವೇ ಹನ್ನೊಂದು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಕಾಕಾ ಅವರಲ್ಲಿ ಹೆಚ್ಚು ಮಾತಾಡುತ್ತಿದ್ದವನ ಕೈಗೆ ಕೊಡತಿ ಕೊಟ್ಟು, ಒಂದು ತಗಡಿನ ಚೂರನ್ನು ಮರಳಿನ ಚೀಲದ ಮೇಲಿಟ್ಟರು. ಆತ ಬಲವಾಗಿ ಒಂದು ಪೆಟ್ಟು ಹಾಕಿದ. ತಗಡು ಮಡಚಿಕೊಂಡಿತು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. “ಒಂದ ಪೆಟ್ಟಿಗೆ ಕೆಡ್ತೈತ್ರಿ ಇದು. ನೆಟ್ಟಗ ಆಗಾಕ ಎಷ್ಟ ಹೊತ್ತ ಬೇಕು, ಯಾರರ ಹೇಳ್ರಿ ನೋಡೂಣು” ಎಂದರು. ಅವರು ಕೂತು ನೆಟ್ಟಗೆ ಮಾಡತೊಡಗಿದರು. ನಾವು ಹನ್ನೆರಡು ಜನ ಸುತ್ತ ನಿಂತು ನೋಡಿದೆವು. ನಮ್ಮ ಬಸ್ಸಿನ ಹೊತ್ತಾಗುವವರೆಗೂ ಅದು ಮುಗಿಯಲಿಲ್ಲ.

ಆಮೇಲೆ ನನ್ನ ಮೂವತ್ತು ವರ್ಷಗಳಲ್ಲಿ ಈ ವಿಷಯ ಪಾಠದಲ್ಲಿ ಬಂದಾಗಲೆಲ್ಲ ನಾನು ಪುಸ್ತಕದ ಉತ್ತರವನ್ನೇ ಹೇಳುತ್ತ ಬಂದೆ. ಆ ಭೇಟಿಯನ್ನು ಮತ್ತೊಮ್ಮೆ ಮಾಡಿಸಲೂ ಇಲ್ಲ. ಪುಸ್ತಕದ ಉತ್ತರ ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ. ಮಾಲಕರ ಕನಸನ್ನು ಉಳಿಸಲು ಊರಿನ ಬಾವಿಯ ದುಡ್ಡು ಹಾಕಬಾರದು, ನಿಜ. ಆದರೆ ಆ ಉತ್ತರವನ್ನು ಹೇಳುವುದು ನನಗೆ ಅಷ್ಟು ಸುಲಭವಾಗಿದ್ದೇ ತಪ್ಪಿತ್ತೇನೋ.

ಮೊನ್ನೆ ಚಹಾ ಮುಗಿದ ಮೇಲೆ ಆ ಸುದ್ದಿಯನ್ನು ಪೂರ್ತಿ ಓದಿದೆ. ಎರಡು ಸಲ ಓದಿದೆ. ಕಂಪನಿಯ ವಿಚಾರವಿತ್ತು, ಮಂತ್ರಿಗಳ ವಿಚಾರವಿತ್ತು, ಪಂಡಿತರ ಹೇಳಿಕೆಗಳಿದ್ದವು. ಬೇರೇನೂ ಇರಲಿಲ್ಲ. ಬಹಳ ವರ್ಷಗಳ ನಂತರ ಸಂಪಾದಕರಿಗೆ ಒಂದು ಪತ್ರ ಬರೆಯಲು ಕೂತೆ. ಅಲ್ಲಿ ದುಡಿಯುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಬೇರೆ ಕೆಲಸ ಕಲಿಯಲು ಅವರಿಗೆ ಎಷ್ಟು ದಿನ ಬೇಕು, ದಯವಿಟ್ಟು ಅದನ್ನೂ ವಿಚಾರಿಸಿ ಅಚ್ಚು ಹಾಕಿ ಎಂದು.

ಹೆಂಡತಿ ಓದಿ, ಕಾಗದ ತಿರುವಿ ಹಿಂದೆಯೂ ನೋಡಿ, “ಸರಕಾರ ಕೊಡಬೇಕೋ ಬ್ಯಾಡೋ ಅದನ್ನ ನೀವು ಬರದ ಇಲ್ಲಲ್ರೀ” ಎಂದಳು.

“ಮೊದಲ ಇಷ್ಟ ತಿಳೀಲಿ” ಎಂದು ಲಕೋಟೆಗೆ ಅಂಟು ಹಚ್ಚಿದೆ.