ಅಕ್ಕನ ಕೊರಳು ಮತ್ತು ಒಂದು ಇಂಗ್ಲಿಷ್ ಪದ

ಅಕ್ಕನ ಅಡ್ಡಿಕೆಯ ರೇಷ್ಮೆ ದಾರಕ್ಕೆ ಹೊಸ ಗಂಟು ಬಿದ್ದಿತ್ತು. ಹಳೆಯ ಗಂಟಿದ್ದ ಜಾಗದಲ್ಲಿ ದಾರ ಸವೆದು ಬಣ್ಣಗೆಟ್ಟಿತ್ತು. ಹೊಸದು ಅದಕ್ಕಿಂತ ಎರಡು ಬೆರಳು ಆಚೆ, ಕೆಂಪು ಇನ್ನೂ ಮಾಸದ ಕಡೆಯಲ್ಲಿತ್ತು. ಕೊರಳಿಗೆ ಅಂಟಿಕೊಂಡು ಕೂರುವ ಒಡವೆ ಅದು, ಮದುವೆಯಲ್ಲಿ ಅಳತೆ ನೋಡಿ ಮಾಡಿಸಿದ್ದು. ಜಡೆ ಹಾಕಲು ಅವಳ ಹಿಂದೆ ಕೂತಿದ್ದರಿಂದ ನನಗೆ ಅದು ಕಂಡಿತು.

"ಇದ್ಯಾಕೆ ಸಡಿಲ ಮಾಡಿದ್ದೀಯ?"

"ದಪ್ಪ ಆಗಿವ್ನಿ ಕಣೆ. ಉಂಡು ಉಂಡು ಕುಂತಿರ್ತೀನಲ್ಲ. ಅದಿರ್ಲಿ, ಆ ಗಂಡನ್ನ ಯಾಕ್ ಬ್ಯಾಡ ಅಂದೆ? ಅದ್ಯೋಳು ಮೊದ್ಲು."

ಅವಳು ದಪ್ಪವಾಗಿರಲಿಲ್ಲ. ಮೊಣಕೈಯ ಮೂಳೆ ಎದ್ದು ಕಾಣುತ್ತಿತ್ತು. ಇತ್ತ ತಿರುಗಿದಾಗ ಕೊರಳಿನ ಬುಡದಲ್ಲಿ ಒಂದು ಗಡ್ಡೆ ಕಂಡಿತು. ಎಂಜಲು ನುಂಗಿದಾಗ ಅದು ಮೇಲಕ್ಕೆ ಹೋಗಿ ಕೆಳಗೆ ಬಂತು. ನಾನು ಜಡೆಯ ಕಾಲನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಅಕ್ಕನನ್ನು ಕೊಟ್ಟಿದ್ದು ಯಳಂದೂರಿನ ಕಡೆ, ಮಾಂಬಳ್ಳಿಗೆ ಹತ್ತಿರದ ಒಂದು ಹಳ್ಳಿಗೆ. ನಮ್ಮ ಮನೆ ಕೊಳ್ಳೇಗಾಲದಲ್ಲಿ; ಅಪ್ಪನದು ರೇಷ್ಮೆ ವ್ಯಾಪಾರ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ; ಅಕ್ಕನನ್ನು ನೋಡಲು ಅವಳ ಮನೆಗೆ ಹೋಗಿದ್ದೆ. ಹಿಂದಿನ ವರ್ಷ ಬಂದಿದ್ದ ಒಂದು ಸಂಬಂಧವನ್ನು ಬೇಡವೆಂದಿದ್ದೆ, ಕಾರಣ ಹೇಳಿರಲಿಲ್ಲ. ನಾನು ಚಿಕ್ಕಂದಿನಿಂದ ಹಾಗೆಯೇ. ನನ್ನ ಪರವಾಗಿ ಆಡಬೇಕಾದ ಮಾತನ್ನೆಲ್ಲ ಅಕ್ಕ ಆಡುತ್ತಿದ್ದಳು. ಕಾಲೇಜಿಗೆ ಕಳಿಸುವ ಮಾತು ಬಂದಾಗಲೂ ಅಪ್ಪನ ಮುಂದೆ ನಿಂತವಳು ಅವಳೇ; ನಾನು ಬಾಗಿಲ ಹಿಂದಿದ್ದೆ. "ಓದ್ಲಿ ಬುಡಪ್ಪ. ಮನೇಲಿದ್ರೂ ಬಾಯಿ ಬುಡಕಿಲ್ಲ, ಮೈಸೂರಲ್ಲಿದ್ರೂ ಬಾಯಿ ಬುಡಕಿಲ್ಲ. ನಿಂಗೇನ್ ಯತ್ವಾಸ?" ಎಂದಿದ್ದಳು. ಅಪ್ಪ ನಕ್ಕುಬಿಟ್ಟರು. ನಾನು ಓದಿದ್ದು ಆ ನಗುವಿನಿಂದ.

ಹೊಲದ ಈ ಬದುವಿನಲ್ಲಿ ನಿಂತು ಅವಳು ಕೂಗಿದರೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದವರು ಆ ತುದಿಯಲ್ಲಿ ತಲೆಯೆತ್ತುತ್ತಿದ್ದರು. ಈಗ ಆ ಗಂಟಲು ಸಂಜೆಯ ಹೊತ್ತಿಗೆ ಒಡೆಯುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ; ರಾತ್ರಿ ಅವಳು ಎದ್ದು ಕೂರುವುದನ್ನು ಕಂಡಿದ್ದ ಭಾವನಿಂದ ತಿಳಿಯಿತು.

ಹನೂರಿನ ಕಡೆಯಲ್ಲಿ ಒಂದು ಸಣ್ಣ ಮಿಷನ್ ಆಸ್ಪತ್ರೆ ಇತ್ತು. ಅಲ್ಲಿಗೆ ಹೋದೆವು. ಆಗ ಹೊಳೆಯಾಚೆಯ ಯಳಂದೂರು ಮೈಸೂರು ಸಂಸ್ಥಾನಕ್ಕೆ, ಕೊಳ್ಳೇಗಾಲ, ಹನೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆದ್ದರಿಂದ ಆಸ್ಪತ್ರೆಯ ಬಿಳಿಯ ಡಾಕ್ಟರಮ್ಮ ಕಲಿತಿದ್ದು ತಮಿಳು, ಕನ್ನಡ ಬರುತ್ತಿರಲಿಲ್ಲ. ಅಕ್ಕನಿಗೆ ತಮಿಳು ಬರುತ್ತಿರಲಿಲ್ಲ. ನಡುವೆ ನಾನು.

ಹಾಸಿಗೆಗೆ ಕರೆದೊಯ್ದ ಆಯಾ ಕೊರಳ ಒಡವೆಗೆ ಕೈ ಹಾಕಿದಾಗ ಅಕ್ಕ ಅವಳ ಕೈ ಸರಿಸಿದಳು. "ನನ್ ಕತ್ತು, ನನ್ ಗಡ್ಡೆ. ಕಂಡೋರೆಲ್ಲ ಮುಟ್ಟಕೆ ಇದೇನು ಬಸವನ ಕೊಂಬಾ?" ಡಾಕ್ಟರಮ್ಮನಿಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಅವರು ನಕ್ಕು, ಗಡ್ಡೆಯನ್ನು ತುಂಬ ಹೊತ್ತು ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಗಡ್ಡೆ ಉಸಿರಿನ ನಾಳವನ್ನು ಒತ್ತುತ್ತಿದೆ. ಜ್ಞಾನ ತಪ್ಪಿಸಿ ಕುಯ್ಯುವುದು ಅಪಾಯ. ಕೊರಳಿಗೆ ಮಾತ್ರ ಮರಗಟ್ಟುವ ಸೂಜಿ ಹಾಕುತ್ತೇನೆ. ಅವಳು ಎಚ್ಚರವಾಗಿಯೇ ಇರುತ್ತಾಳೆ. ಗಡ್ಡೆಯ ಹಿಂದೆ ಧ್ವನಿಯ ನರವಿದೆ. ಅದು ತುಂಡಾದರೆ ಮಾತು ಹೋಗುತ್ತದೆ. ಆದ್ದರಿಂದ ನಾನು ಕುಯ್ಯುವಷ್ಟು ಹೊತ್ತೂ ಅವಳು ಮಾತಾಡುತ್ತಿರಬೇಕು. ಧ್ವನಿ ಬದಲಾದರೆ ನನ್ನ ಕೈ ನಿಲ್ಲುತ್ತದೆ. ತಲೆಯ ಬಳಿ ನಿಂತು ಮಾತಾಡಿಸುವವರು ಒಬ್ಬರು ಬೇಕು.

ಆಮೇಲೆ ಅವರು ಹೇಳಿದ ಮಾತು ನನ್ನನ್ನು ಆ ದಿನವೆಲ್ಲ ಕೂರಲು ಬಿಡಲಿಲ್ಲ. "ನಿನ್ನ ಅಕ್ಕನಿಗೆ ಕರೇಜ್ ಬೇಕಾದಷ್ಟಿದೆ. ನಾಳೆ ಬೇಕಾದದ್ದು ಫಾರ್ಟಿಟ್ಯೂಡ್. ಅದನ್ನು ಅವಳಿಗೆ ಹೇಳು. ಒಪ್ಪಿಗೆಯನ್ನು ದೀಪ ಹಚ್ಚುವುದರೊಳಗೆ ನನಗೆ ತಿಳಿಸು."

ಆ ಪದದಲ್ಲಿ ನಾನು ಕಾಲೇಜಿನಲ್ಲಿ ಒಮ್ಮೆ ಸೋತಿದ್ದೆ. ಸ್ವಂತ ವಾಕ್ಯದಲ್ಲಿ ಬಳಸಿ ಎಂದಾಗ, ಸೈನಿಕನೊಬ್ಬ ಫಾರ್ಟಿಟ್ಯೂಡಿನಿಂದ ಶತ್ರುವಿನ ಮೇಲೆ ನುಗ್ಗಿದ ಎಂದು ಬರೆದಿದ್ದೆ. ಮೇಷ್ಟರು ಕೆಂಪು ಗೆರೆ ಎಳೆದರು. ನುಗ್ಗುವವನಿಗೆ ವ್ಯಾಲರ್ ಇದೆ, ಗ್ಯಾಲಂಟ್ರಿ ಇದೆ, ಬ್ರೇವರಿ ಇದೆ ಎಂದರು. ಇದು ನುಗ್ಗಲು ದಾರಿಯಿಲ್ಲದವನಿಗೆ, ಇದ್ದಲ್ಲೇ ಇರಬೇಕಾದವನಿಗೆ; ನೋವು ಶುರುವಾದ ಮೇಲೆ ಬಳಕೆಗೆ ಬರುವ ಪದ. ಒಂದು ಗಳಿಗೆಯ ಸಾಹಸಕ್ಕೆ ಇದನ್ನು ಬಳಸಬೇಡ, ಇದಕ್ಕೆ ಹೊತ್ತು ಹಿಡಿಯಬೇಕು. ನನಗೆ ಇದು ಇದೆ ಎಂದು ಯಾರೂ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು ಎಂದು ಯೋಚಿಸುತ್ತ ನಾನು ಒಳಗೆ ಹೋಗುವಷ್ಟರಲ್ಲಿ ನೆಂಟರು ಬಂದುಬಿಟ್ಟಿದ್ದರು. ಹನೂರಿನಿಂದ ದೊಡ್ಡಮ್ಮ, ಭಾವನ ಊರಿನಿಂದ ಗಾಡಿಯಲ್ಲಿ ಅವರ ಚಿಕ್ಕಪ್ಪ, ಇನ್ನೂ ಕೆಲವರು. ಎಲ್ಲರ ಕೈಯಲ್ಲೂ ಬಾಳೆಹಣ್ಣು. ಎಲ್ಲರೂ ಬಂದದ್ದು ಧೈರ್ಯ ಹೇಳಲು.

ನಮ್ಮಲ್ಲಿ ಧೈರ್ಯ ಎನ್ನುವುದನ್ನು ಹೋಗಿ ಹೇಳಿ ಬರುತ್ತಾರೆ. ಸುಖವಾಗಿ ಮುಗಿಯುವ ಕೆಲಸಕ್ಕೆ ಯಾರೂ ಹಾಗೆ ಹೊರಡುವುದಿಲ್ಲ. ಸಾವಿನ ಮನೆಗೆ, ಬೆಳೆ ಸುಟ್ಟ ಮನೆಗೆ, ವೈದ್ಯರು ಕೈಬಿಟ್ಟ ಮನೆಗೆ ಧೈರ್ಯ ಹೇಳಿ ಬರಲು ಹೋಗುತ್ತಾರೆ. ಇದು ಅಕ್ಕನಿಗೆ ಗೊತ್ತಿತ್ತು. ಅವಳೂ ಎಷ್ಟೋ ಮನೆಗೆ ಹೋಗಿ ಹೇಳಿ ಬಂದವಳು.

"ಧೈರ್ಯವಾಗಿರವ್ವ. ಮಕ್ಕಳ ಯೋಚ್ನೆ ಬುಡು. ನಾವಿಲ್ವಾ?" ಎಂದು ದೊಡ್ಡಮ್ಮ ಅವಳ ಕೆನ್ನೆ ಸವರಿದರು.

"ಮಕ್ಕಳಿಗೇನಾಗದೆ ಈಗ?" ಎಂದಳು ಅಕ್ಕ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ರಾಮಾಪುರದಲ್ಲಿ ಒಬ್ಬ ಇಂಗೇ ಕತ್ತು ಕುಯ್ಸ್ಕಂಡ..."

"ಸುಮ್ಕಿರಪ್ಪ," ಎಂದರು ದೊಡ್ಡಮ್ಮ. "ಧೈರ್ಯ ಯೋಳಕ್ ಬಂದಿದ್ದೀಯೋ, ಕತೆ ಯೋಳಕ್ ಬಂದಿದ್ದೀಯೋ?"

"ಪೂರ್ತಿ ಕೇಳಿ ಮೊದ್ಲು. ಅವ್ನು ಬದುಕ್ದ. ಚೆಂದಾಗವ್ನೆ. ಮಾತೊಂದು ಓಯ್ತು, ಅಷ್ಟೆ."

ಅಕ್ಕ ಎದ್ದು ಕೂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಗಾಡಿ ಇಲ್ಲೇ ಅದಲ್ಲ, ಕಟ್ಸಿ. ಇಷ್ಟ್ ಜನ ಬಂದು ಧೈರ್ಯ ಯೋಳ್ತಾವ್ರೆ ಅಂದ್ಮೇಲೆ ನಂಗೂ ಗೊತ್ತಾಯ್ತದೆ. ಸಾಯೋದಾದ್ರೆ ಮಾತಾಡ್ಕಂಡೇ ಸಾಯ್ತೀನಿ, ನನ್ ಅಟ್ಟಿ ಮನೇಲಿ."

ಭಾವ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನೀನು ಓದಿರೋಳು, ಏನಾದ್ರೂ ಯೋಳವ್ವ. ಅವ್ಳೇ ಒಲ್ಲೆ ಅಂದ್ರೆ ನಾನ್ ಬಲವಂತ ಮಾಡಕಾಗಲ್ಲ. ಬೆಳಿಗ್ಗೆ ಕರ್ಕಂಡೋಗ್ಬುಡ್ತೀನಿ" ಎಂದರು.

ನಾನು ಅಂಗಳದಲ್ಲಿ ಬೇವಿನ ಮರದಿಂದ ಬಾವಿಯವರೆಗೆ ನಡೆದೆ, ಬಾವಿಯಿಂದ ಮರದವರೆಗೆ ಬಂದೆ. ಮತ್ತೆ ಹೋದೆ. ತಾಳ್ಮೆ ಎನ್ನಬಹುದಿತ್ತು. ಆದರೆ ಅದು ಅತ್ತೆಯರು ಸೊಸೆಯರಿಗೆ ಹೇಳುವ ಪದ. ಅಕ್ಕ ಅದನ್ನು ಕೇಳಿ ಕೇಳಿ ಸಾಕಾಗಿದ್ದವಳು. ಸಹನೆ ಪುಸ್ತಕದಲ್ಲಿ ಚೆನ್ನ. ಕೆಚ್ಚು ಎಂದರೆ ಮತ್ತೆ ನುಗ್ಗುವವನ ಪದ. ಎದೆಗಾರಿಕೆ ಗಂಡಸರು ಮೀಸೆ ತಿರುವಿ ಹೇಳುವುದು. ಧೈರ್ಯವನ್ನಂತೂ ಆ ಕೋಣೆಯೊಳಗೆ ಇನ್ನು ಯಾರೂ ಎತ್ತುವ ಹಾಗಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುಕ್ಕು ಮಾಡಿಕೊಂಡಿದ್ದೆ. ಬಿಸಿಲು ಮರದ ಮೇಲಿನ ಕೊಂಬೆಗೆ ಹೋಗಿತ್ತು. ಒಳಗಿನಿಂದ ಅಕ್ಕನ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಒಡೆದ ದನಿಯಲ್ಲಿ ನನ್ನನ್ನು ಕರೆದದ್ದು.

ನೆಂಟರು ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಅವಳು ಹಾಸಿಗೆಯ ಅಂಚನ್ನು ತಟ್ಟಿ ಕೂರಿಸಿಕೊಂಡಳು.

"ಡಾಕ್ಟ್ರಮ್ಮ ಏನಂದ್ಳು? ಇದ್ದಂಗೆ ಯೋಳು. ನಿನ್ ಬಿ.ಎ. ಮಾತು ಬ್ಯಾಡ."

ಇದ್ದ ಹಾಗೆಯೇ ಹೇಳಿದೆ. ಮೊದಲು ಸೂಜಿ, ಅದು ಉರಿಯುತ್ತದೆ. ಆಮೇಲೆ ಕುಯ್ಯುವ ನೋವು ತಿಳಿಯುವುದಿಲ್ಲ, ಎಳೆತ ತಿಳಿಯುತ್ತದೆ. ಕತ್ತರಿಯ ಸದ್ದು ಕೇಳಿಸುತ್ತದೆ. ಅಲುಗಾಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ಬಿಟ್ಟರೆ ಗಡ್ಡೆ ಬೆಳೆದು ಉಸಿರನ್ನೇ ನಿಲ್ಲಿಸಬಹುದು. ಕುಯ್ದರೆ ಮಾತು ಹೋಗುವ ಭಯವಿದೆ, ಅದಕ್ಕೇ ನಿನ್ನನ್ನು ಮಾತಾಡಿಸುತ್ತಿರುತ್ತಾರೆ. ಆ ಇಂಗ್ಲಿಷ್ ಪದವನ್ನು ಹೇಳಲಿಲ್ಲ.

ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಅವಳು ಹಾಗೆ ಕೇಳಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಇಷ್ಟೊತ್ತು ಒಬ್ರೂ ಇದ್ನ ಯೋಳ್ನಿಲ್ವಲ್ಲ," ಎಂದಳು. "ಯಾರ್ ಜೊತೆ ಮಾತಾಡ್ಬೇಕು?"

"ನನ್ನ ಜೊತೆ."

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ಕೆಮ್ಮೂ ಬಂತು. "ನಿನ್ ಜೊತೇಲಾ? ಅದ್ಕಿಂತ ಆ ಕಂಬದ ಜೊತೆ ವಾಸಿ. ನೀನ್ ಬಾಯ್ ಬುಡ್ದೆ ಇದ್ರೆ ನಾನೊಬ್ಳೇ ಏಟೊತ್ತು ಬಡ್ಕಳ್ಳಿ?"

"ಬಿಡ್ತೀನಿ."

"ನಾನ್ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ಬೇಕು. ನುಣುಚ್ಕಳ್ಳೋದಲ್ಲ."

ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಕಿವಿ ಬಿಸಿಯಾಯಿತು. ಬಾಗಿಲಲ್ಲಿ ಆಯಾ ದೀಪದ ಬುರುಡೆ ಒರೆಸುತ್ತಿದ್ದಳು.

"ಕೊಡ್ತೀನಿ."

"ಆಗಿದ್ರೆ ಓಗಿ ಯೋಳು ಅವ್ಳಿಗೆ. ಕುಯ್ಲಿ."

ಮಾರನೆಯ ಬೆಳಿಗ್ಗೆ ಅವಳ ಕೊರಳಿನ ಅಡ್ಡಿಕೆಯನ್ನು ನಾನೇ ಬಿಚ್ಚಿದೆ. ಶಿವದಾರವನ್ನು ತೆಗೆದು ಲಿಂಗದ ಕರಡಿಗೆಯನ್ನು ಅವಳ ಎಡತೋಳಿಗೆ ಕಟ್ಟಿದೆ. ತಾಳಿಯನ್ನು ಭಾವ ಮಣಿಕಟ್ಟಿಗೆ ಸುತ್ತಿದರು. ನನ್ನ ಮೂಗು, ಬಾಯಿಗೆ ಬಟ್ಟೆ ಕಟ್ಟಿ ತಲೆಯ ಬಳಿ ನಿಲ್ಲಿಸಿದರು. ಅಕ್ಕನ ಗಲ್ಲದ ಹತ್ತಿರ ಒಂದು ಬಿಳಿ ಬಟ್ಟೆಯನ್ನು ಅಡ್ಡ ಹಿಡಿದಿದ್ದರು. ಅದರ ಆಚೆಗಿನದು ಅವಳಿಗೂ ಕಾಣದು, ನನಗೂ ಕಾಣದು.

ಮೊದಲು ಅವಳೇ ಮಾತಾಡಿದಳು. ಎಮ್ಮೆಯ ಮಾತು, ನಾದಿನಿಯ ಮಾತು, ಹುಳದ ತಟ್ಟೆಗೆ ಸೊಪ್ಪು ಹಾಕಲು ಮರೆತ ಆಳಿನ ಮಾತು. ಎಳೆತ ಶುರುವಾದಾಗ ಮಾತು ನಿಂತಿತು. ಕಣ್ಣು ಚಾವಣಿಯಲ್ಲಿತ್ತು. ನನ್ನ ಬೆರಳುಗಳನ್ನು ಹಿಡಿದ ಕೈ ಬಿಗಿಯುತ್ತಲೇ ಹೋಯಿತು. ಬಟ್ಟೆಯಾಚೆಯಿಂದ ಡಾಕ್ಟರಮ್ಮ "ಪೇಸು, ಪೇಸು" ಎಂದು ಮಾತಾಡಲು ಹೇಳಿದರು.

"ಈ ಸಲ ಹುಳ ಚೆನ್ನಾಗಿ ಎದ್ದಿವೆಯಾ?" ಎಂದು ಕೇಳಿದೆ. "ಚಿಕ್ಕೋನು ಸ್ಕೂಲಿಗೆ ಹೋಗ್ತಾನಾ?" ಎಂದೆ. ಉತ್ತರವಿಲ್ಲ. ಬಟ್ಟೆಯಾಚೆಯ ಕತ್ತರಿಯ ಸದ್ದು ನಿಂತಿತು.

"ನೀನ್ ಯೋಳು," ಎಂದಳು ಅಕ್ಕ. ದನಿ ತೆಳ್ಳಗಿತ್ತು, ಒಡೆದಿರಲಿಲ್ಲ. "ಆ ಗಂಡನ್ನ ಯಾಕ್ ಬ್ಯಾಡ ಅಂದೆ?"

ನಾನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವಳ ಹುಬ್ಬು ಮೇಲೇರಿತು. "ಇಷ್ಟೇನಾ?" ಎಂದಳು, ಆ ಕೋಣೆಗೆಲ್ಲ ಕೇಳುವ ಹಾಗೆ. "ಇಷ್ಟಕ್ಕೆ ಒಂದ್ ವರ್ಷ ಬಾಯ್ ಮುಚ್ಕಂಡಿದ್ಯಾ? ಬಾಯ್ಗೆ ಬಟ್ಟೆ ಕಟ್ಕಂಡು ಗೊಣಗ್ಬೇಡ. ಸರಿಯಾಗಿ ಕೇಳ್ನಿಲ್ಲ, ಇನ್ನೊಂದ್ ಸಲ ಯೋಳು."

ಕತ್ತರಿ ಮತ್ತೆ ಶುರುವಾಯಿತು. ಆಚೆಯಿಂದ ಡಾಕ್ಟರಮ್ಮ, ನಿಲ್ಲಿಸಬೇಡ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ಇನ್ನೊಂದು ಸಲ ಹೇಳಿದೆ, ಈ ಸಲ ಗಟ್ಟಿಯಾಗಿ.