ಒಂದೇ ಎಳೆತಕ್ಕೆ ಕಳಚುವ ಚೀಲ

ಬೆಳಗಿನ ಆರು ಗಂಟೆ. ಸಿಯೋಲ್ ನಗರದ ನಾಮ್‌ದೇಮುನ್ ಸಂತೆಯ ಕ್ಯಾಮೆರಾ ಓಣಿಯಲ್ಲಿ ಒಂದೇ ಒಂದು ಅಂಗಡಿ ಬಾಗಿಲು ತೆರೆದಿದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಪ್ಯೊ ಮಾಲ್‌ಸುನ್ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾರೆ. ಎದುರಿಗೆ ನಿಂತ ತರುಣಿಯ ಹೆಗಲಲ್ಲಿ ಹೊಸ ಕ್ಯಾಮೆರಾ ಚೀಲ. ಒಳಗಿರುವುದು ಮಾತ್ರ ಕ್ಯಾಮೆರಾದಷ್ಟೇ ತೂಕದ ಅಕ್ಕಿ.

“ಮೆಟ್ಟಿಲು ಹತ್ತಿ ಇಳಿ. ನಾನು ‘ಬಿಡು’ ಅಂದ ತಕ್ಷಣ ಬಿಸಾಕು.”

ಈ ಊರಿನ ಪತ್ರಿಕಾ ಛಾಯಾಗ್ರಾಹಕರಿಗೆಲ್ಲ ಮಾಲ್‌ಸುನ್ ಚಿಕ್ಕಮ್ಮ. ಗಿರಾಕಿ ಬಂದರೆ ಮೊದಲು ಕೇಳುವುದು ಯಾವ ಕ್ಯಾಮೆರಾ ಎಂದಲ್ಲ, ಯಾವ ಹೆಗಲು ನೋಯುತ್ತದೆ ಎಂದು. ಮುಚ್ಚಳ ಮೈಕಡೆಗೆ ತೆರೆಯಬೇಕು, ಬಣ್ಣ ಕಳ್ಳನ ಕಣ್ಣಿಗೆ ಬೀಳಬಾರದು. “ಕಿತ್ತಾಗ ಪರ್ ಅಂತ ಸದ್ದು ಮಾಡೋ ಅಂಟುಪಟ್ಟಿ ನಾನು ಹಾಕಲ್ಲ. ಸಾವಿನ ಮನೇಲಿ ಅಳೋರು ತಿರುಗಿ ನೋಡ್ತಾರೆ. ನಿಮಗೆ ನಾಚಿಕೆ ಇಲ್ದಿದ್ರೂ ನನ್ನ ಚೀಲಕ್ಕಾದ್ರೂ ಇರ್ಬೇಕಲ್ಲ!”

ಚಿಕ್ಕಂದಿನಿಂದ ಚೀಲದ ಕಾರ್ಖಾನೆಯಲ್ಲಿ ದುಡಿದ ಬೆರಳುಗಳು ಈಗ ಸೊಟ್ಟಗಾಗಿವೆ. ಅವೇ ಬೆರಳುಗಳು ಹಿಂದೊಮ್ಮೆ ನಾಮ್ ತೇ-ಇಕ್ ಎಂಬ ಪತ್ರಿಕಾ ಛಾಯಾಗ್ರಾಹಕನಿಗೆ ಚೀಲ ಹೊಲಿದವು. ಓಡುವಾಗ ಅಲುಗಾಡಬಾರದು, ನೀರು ಇಳಿಯಬಾರದು ಎಂದಿದ್ದ. ಎರಡೂ ಕೈ ಹಾಕದೆ ಬಿಚ್ಚಲಾಗದ ಸೊಂಟಪಟ್ಟಿ ಇಟ್ಟುಕೊಟ್ಟರು. ಆ ಬೇಸಿಗೆಯ ಚಂಡಮಾರುತದಲ್ಲಿ, ದಕ್ಷಿಣದ ಕಡಲತೀರದಲ್ಲಿ, ಅಲೆ ಅವನನ್ನು ಎಳೆದೊಯ್ದಿತು. ಹೆಣ ಸಿಕ್ಕಾಗ ಚೀಲ ಸೊಂಟದಲ್ಲೇ ಇತ್ತು. ಒಳಗಿನ ಕ್ಯಾಮೆರಾಕ್ಕೆ ಒಂದು ಹನಿ ನೀರೂ ತಾಗಿರಲಿಲ್ಲ.

ನಮ್ಮ ಕಸುಬಿನವರ ಬುದ್ಧಿ ನೋಡಿ. ಅವನ ಸಾವಿನ ಊಟದ ಖಾರದ ಸಾರು ಕುಡಿಯುತ್ತಲೇ ಇಬ್ಬರು “ಅಂಥದ್ದೇ ಒಂದು ಹೊಲಿದುಕೊಡಿ” ಎಂದು ಚಿಕ್ಕಮ್ಮನನ್ನು ಕೇಳಿದರಂತೆ. ನಾನೂ ಕ್ಯಾಮೆರಾ ಹಿಡಿದು ಬದುಕುವವನು. ಕೇಳಿ ಹೇಸಿಗೆಯಾಯಿತು, ಆಶ್ಚರ್ಯವಾಗಲಿಲ್ಲ.

“ಎಲ್ಲರೂ ಚೀಲಾನ ಹೊಗಳಿದ್ರು. ಕ್ಯಾಮೆರಾ ಉಳಿಸಿದ್ದೂ ಇದೇ ಕೈ, ಅವನನ್ನ ಕಟ್ಟಿಹಾಕಿದ್ದೂ ಇದೇ ಕೈ.”

ಅಂದಿನಿಂದ ಅವರ ಚೀಲಗಳೆಲ್ಲ ಒಂದೇ ಎಳೆತಕ್ಕೆ ಕಳಚಿಕೊಳ್ಳುತ್ತವೆ. ಎಸೆದು ತೋರಿಸದವರಿಗೆ ಮಾರುವುದಿಲ್ಲ. ಎಷ್ಟೋ ಗಿರಾಕಿಗಳು ಬೈದುಕೊಂಡು ಬೇರೆ ಅಂಗಡಿಗೆ ಹೋಗಿದ್ದಾರೆ.

ಇವತ್ತು ನಿಂತಿರುವವಳು ತೇ-ಇಕ್‌ನ ಮಗಳು ದಾರೇ. ಅಪ್ಪನ ಕಸುಬನ್ನೇ ಹಿಡಿದಿದ್ದಾಳೆ. ಮತ್ತೆ ಚಂಡಮಾರುತ ಬರುತ್ತಿದೆ, ಮಧ್ಯಾಹ್ನದ ರೈಲಿಗೆ ಅದೇ ತೀರಕ್ಕೆ ಹೊರಟಿದ್ದಾಳೆ. “ಕ್ಯಾಮೆರಾ ಆಫೀಸಿಂದು ಚಿಕ್ಕಮ್ಮ. ಹೋದ್ರೆ ನನ್ನ ಕೆಲಸಾನೂ ಹೋಗುತ್ತೆ. ಅಪ್ಪಂಗೆ ಮಾಡಿದ್ದನ್ನೇ ಮಾಡಿಕೊಡಿ” ಎಂದು ಬಂದವಳಿಗೆ ಸಿಕ್ಕಿದ್ದು ಈ ಚೀಲ.

ದಾರೇ ಮೆಟ್ಟಿಲಿಳಿದು ಓಡಿ ಬರುತ್ತಾಳೆ.

“ಬಿಡು!”

ಅವಳು ಬಿಡುವುದಿಲ್ಲ. ಅಕ್ಕಿ ಎಂದು ಗೊತ್ತಿದ್ದೂ ಎರಡೂ ಕೈಯಲ್ಲಿ ಚೀಲವನ್ನು ಎದೆಗೆ ಅವುಚಿಕೊಳ್ಳುತ್ತಾಳೆ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾಲ್‌ಸುನ್ ಮುಖ ಬಿಳಿಚಿಕೊಳ್ಳುತ್ತದೆ. “ಥೂ, ಅಪ್ಪನ ಮಗಳೇ ಸರಿ! ಬದುಕಿದ್ರೆ ಬೇಡಿ ತಿನ್ನಬೋದು ಕಣೇ. ಹತ್ತು ಮತ್ತೆ.”

ದಾರೇ ಮತ್ತೆ ಹತ್ತುತ್ತಾಳೆ, ಮತ್ತೆ ಅವುಚಿಕೊಳ್ಳುತ್ತಾಳೆ. ಬೈಗುಳ ತಿಂದು, ಅತ್ತು, ಕೊನೆಗೊಮ್ಮೆ ಕಣ್ಣು ಮುಚ್ಚಿ ಎಸೆಯುತ್ತಾಳೆ. ಒದ್ದೆ ನೆಲದ ತುಂಬ ಅಕ್ಕಿ ಚೆಲ್ಲುತ್ತದೆ.

ಅದನ್ನು ಗುಡಿಸುತ್ತಿರುವ ಮಾಲ್‌ಸುನ್ ಅವರನ್ನು, ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ತಲೆ ಎತ್ತುವುದಿಲ್ಲ.

“ಈ ಚೀಲ ಸಮುದ್ರದ ಪಾಲಾಗ್ಲಿ. ‘ನಿಮ್ಮ ದರಿದ್ರ ಚೀಲದಿಂದ ಕೆಲಸ ಹೋಯ್ತು’ ಅಂತ ಇವಳು ಇಲ್ಲಿಗೆ ಬಂದು ನನ್ನ ಮೇಲೆ ಕೂಗಾಡ್ಲಿ. ಅಷ್ಟೇ ಸಾಕು.”